ಮಾಳಿಗೆಯ ಮೇಲಿನ ಮಣ್ಣು

"ಅಜ್ಜಾರ, ನಿಮಗ ನಾ ಇನ್ನೇನು ಮಾಡ್ಲಿ?"

ಅಡಿವೆಯ್ಯ ಕೇಳಿದ್ದು ಇಷ್ಟೇ.

ಅವನು ಮಠದ ಶಿಷ್ಯ. ಮೀಸೆ ನರೆಯುವ ವಯಸ್ಸಾಗಿದ್ದರೂ ಮಠದ ಹಿರಿಯ ಗುರುಗಳಾದ ಅಜ್ಜನವರ ಮುಂದೆ ನಿಂತರೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದವನು. ಚಳಿಗಾಲದ ಒಂದು ಬೆಳಿಗ್ಗೆ ಅಜ್ಜನವರು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಅವರ ಮೂಳೆ ಮುರಿಯಲಿಲ್ಲ, ಮುರಿದದ್ದು ಅಡಿವೆಯ್ಯನ ಧೈರ್ಯ. ಅಂದಿನಿಂದ ಅವನು ಅವರನ್ನು ನೆಲಕ್ಕೆ ಕಾಲಿಡಲು ಬಿಟ್ಟಿರಲಿಲ್ಲ. ಊರುಗೋಲನ್ನು ಅಟ್ಟದ ಮೇಲಿಟ್ಟ. ಗಾಳಿ ಬಡಿಯುತ್ತದೆಂದು ಕಿಟಕಿ ಮುಚ್ಚಿದ. ಮಾತಾಡಿದರೆ ದಣಿವಾಗುತ್ತದೆಂದು ಭಕ್ತರನ್ನು ಹೊಸ್ತಿಲಾಚೆಯೇ ಕೈಮುಗಿಸಿ ಕಳಿಸಿದ. ಭಕ್ತರೇನು ಬರಿಗೈಯಲ್ಲಿ ಬರುವವರೇ? ಹಳೆಯ ಸೀರೆ, ಧೋತರ ಕೂಡಿಸಿ ಕೈಯಾರೆ ಹೊಲಿದ, ಹೊದೆಯುವ ದಪ್ಪ ಕೌದಿಗಳನ್ನು ತಂದರು. ಯಾರದನ್ನೂ ಅವನು ಒಲ್ಲೆ ಎನ್ನಲಿಲ್ಲ.

ಚಳಿ ಹೋಯಿತು. ಬಿಸಿಲೂ ಮುಗಿಯುತ್ತ ಬಂತು. ಅಜ್ಜನವರು ಮಾತ್ರ ದಿನದಿಂದ ದಿನಕ್ಕೆ ಸೊರಗುತ್ತಿದ್ದರು. ಗಂಜಿ ಕೊಟ್ಟರೆ ಅರ್ಧ ಕುಡಿದು ಬಟ್ಟಲು ಸರಿಸುತ್ತಿದ್ದರು. ವೈದ್ಯರು ಬಂದು ನಾಡಿ ಹಿಡಿದು, ರೋಗವೇನೂ ಕಾಣುವುದಿಲ್ಲ ಎಂದು ಹೇಳಿ ಹೋಗಿದ್ದರು. ರೋಗ ಕಂಡಿದ್ದರೆ ಅಡಿವೆಯ್ಯನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಔಷಧ ತರಲು ಎಲ್ಲಿಗಾದರೂ ಓಡಿಹೋಗಬಹುದಿತ್ತು. ಈಗ ಓಡಲು ದಾರಿಯಿಲ್ಲ. ಗುರುಗಳು ತನ್ನ ಕಣ್ಣೆದುರೇ ಕರಗುತ್ತಿದ್ದಾರೆ, ತನ್ನ ಸೇವೆಯಲ್ಲಿ ಏನೋ ಕಡಿಮೆಯಾಗಿದೆ ಎಂಬುದೊಂದೇ ಅವನಿಗೆ ತೋರುತ್ತಿತ್ತು. ಅದಕ್ಕೇ ಆ ಪ್ರಶ್ನೆ.

ಅಜ್ಜನವರು ಹಾಸಿಗೆಯ ಪಕ್ಕದ ನೆಲವನ್ನು ತೋರಿಸಿದರು.

"ಕೂಡು. ಒಂದು ಕತಿ ಹೇಳ್ತೀನಿ."

"ಬ್ಯಾಡ್ರೀ ಅಜ್ಜಾರ, ಮಾತಾಡಿದ್ರ ನಿಮಗ ದಣಿವು…"

"ದಣಿಯೂದು ನಾನೋ ನೀನೋ? ಕೂಡು."

ಅಡಿವೆಯ್ಯ ಕುಳಿತ. ಅಜ್ಜನವರು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ನಾಳೆ ಅವನ ಊರು ಹುಡುಕಿಕೊಂಡು ಹೋಗಿ ಅವನಿಗೂ ಗಂಜಿ ಕುಡಿಸಿ ಬರುತ್ತೀಯ.

ಅವನದು ಮಣ್ಣಿನ ಮಾಳಿಗೆಯ ಮನೆ, ಸೂರೆಲ್ಲ ಸಮತಟ್ಟು. ಅಂಥ ಮನೆಯ ಮೈಕಟ್ಟು ನಿನಗೆ ಗೊತ್ತಿದೆ. ಗೋಡೆಯಿಂದ ಗೋಡೆಗೆ ಒಂದು ದೊಡ್ಡ ತೊಲೆ. ತೊಲೆಯ ಮೇಲೆ ಅಡ್ಡಲಾಗಿ ಸಾಲು ಜಂತೆಗಳು. ಜಂತೆಯ ಮೇಲೆ ಕಟ್ಟಿಗೆಯ ಹಾಸು, ಹಾಸಿನ ಮೇಲೆ ನೀರು ಇಳಿಯಗೊಡದ ಬಿಳಿ ಸವಳು ಮಣ್ಣು. ಮಣ್ಣಿನ ಭಾರವನ್ನು ಜಂತೆ ತೊಲೆಗೆ ಕೊಡುತ್ತದೆ, ತೊಲೆ ಗೋಡೆಗೆ ಕೊಡುತ್ತದೆ, ಗೋಡೆ ಭೂಮಿತಾಯಿಗೆ ಒಪ್ಪಿಸಿ ಸುಮ್ಮನಾಗುತ್ತದೆ. ಮನೆ ನಿಲ್ಲುವುದು ಹೀಗೆ.

ಈ ರೈತನ ಮನೆಯಲ್ಲಿ ತೊಲೆಯೂ ಕಾಣುತ್ತಿರಲಿಲ್ಲ, ಜಂತೆಯೂ ಕಾಣುತ್ತಿರಲಿಲ್ಲ. ಅವನ ಅಜ್ಜ ಮೊಮ್ಮಕ್ಕಳ ಮೇಲಿನ ಅಕ್ಕರೆಗೆ ಹೆಸರಾದವನು. ಮಾಳಿಗೆಯಿಂದ ಮಣ್ಣುದುರಿ ತೊಟ್ಟಿಲ ಕೂಸಿನ ಕಣ್ಣಿಗೆ ಬೀಳುತ್ತದೆಂದು ನಡುಮನೆಗೆಲ್ಲ ಕೆಳಗಿನಿಂದ ಹಲಗೆ ಹೊಡೆಸಿ, ಹಲಗೆಗೆ ಸುಣ್ಣ ಬಳಿಸಿಬಿಟ್ಟಿದ್ದ. ಆ ಬಿಳುಪಿನೊಳಗಿಂದ ಕೆಳಗೆ ಇಣುಕುತ್ತಿದ್ದದ್ದು ತೊಟ್ಟಿಲು ತೂಗಹಾಕುವ ಕಬ್ಬಿಣದ ಕೊಂಡಿಗಳ ಒಂದು ಜೊತೆ ಮಾತ್ರ. ಆ ಮನೆಯಲ್ಲಿ ಹುಟ್ಟಿದವರೆಲ್ಲ ಆ ಕೊಂಡಿಗಳ ಕೆಳಗೆ ತೂಗಿಸಿಕೊಂಡವರು. ರೈತನೂ, ಅವನ ಅಪ್ಪನೂ, ಅವನ ಮಗಳೂ.

ಮಳೆಗಾಲ ಹತ್ತಿರ ಬಂದಾಗ ಮಾಳಿಗೆಗೆ ಹೊಸ ಮಣ್ಣು ಹಾಕುವುದು ಆ ಸೀಮೆಯ ವಾಡಿಕೆ. ಈ ಮನೆಯಲ್ಲಿ ಅದೊಂದು ಹಬ್ಬವೇ ಆಗಿತ್ತು. ಮನೆಯ ಹಿರಿಯಳು ಮೊದಲ ಬುಟ್ಟಿ ಹೊರಬೇಕು. ಆಮೇಲೆ ಮನೆಯಲ್ಲಿ ನಡೆಯಬಲ್ಲವರೆಲ್ಲ ಒಬ್ಬೊಬ್ಬರೂ ಒಂದೊಂದು ಬುಟ್ಟಿ. ಹೊಸದಾಗಿ ಬಂದ ಸೊಸೆ ತನ್ನ ತವರೂರಿನ ಮಣ್ಣನ್ನೇ ತಂದು ಹಾಕಬೇಕು. ಆ ದಿನ ನೆಂಟರು ಬಂದಿದ್ದರೆ ಅವರಿಗೂ ಒಂದು ಬುಟ್ಟಿ ತಪ್ಪುತ್ತಿರಲಿಲ್ಲ. ನಂತರ ದಿಮ್ಮಸು ಬಡಿದು ಮಣ್ಣು ಗಟ್ಟಿ ಮಾಡಿ, ಇಳಿದುಬಂದು ಹೋಳಿಗೆ ಉಣ್ಣುವುದು.

ಬೇರೆ ಮನೆಗಳಲ್ಲಿ ಹೊಸದು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯುತ್ತಿದ್ದರು. ಈ ಮನೆಯಲ್ಲೂ ಹಿಂದೊಮ್ಮೆ ಹಾಗೆಯೇ ಇತ್ತು. ಆದರೆ ಆ ಅಕ್ಕರೆಯ ಅಜ್ಜ ತೀರಿಕೊಂಡ ವರ್ಷ ರೈತನ ಅಪ್ಪ ಸಲಿಕೆ ಹಿಡಿದು ಮಾಳಿಗೆ ಹತ್ತಿದವನು, ತನ್ನಪ್ಪ ಹೊತ್ತು ಹಾಕಿದ ಮಣ್ಣನ್ನು ಕೆರೆಯಲಾರದೆ ಕಣ್ಣೊರೆಸಿಕೊಂಡು ಇಳಿದುಬಂದ. ಆ ವರ್ಷ ಹಳೆಯದರ ಮೇಲೆಯೇ ಹೊಸದು ಬಿತ್ತು. ಮರುವರ್ಷವೂ ಬಿತ್ತು. ಹಾಕುವುದನ್ನು ಯಾರೂ ಮರೆಯಲಿಲ್ಲ, ತೆಗೆಯುವುದನ್ನು ಯಾರೂ ನೆನೆಸಲಿಲ್ಲ. ರೈತನ ಅಪ್ಪ ಹೋದ ಮೇಲಂತೂ ತೆಗೆಯುವ ಮಾತೇ ಇಲ್ಲ. ಅದು ಈಗ ಅಪ್ಪ ಹಾಕಿದ ಮಣ್ಣು.

ಹೀಗಿರುವಾಗ ಮಾಳಿಗೆ ಸೋರತೊಡಗಿತು. ನಡುಮನೆಯ ಸುಣ್ಣದ ಮೇಲೆ ಅಂಗೈಯಗಲದ ಒಂದು ಒದ್ದೆ ಕಲೆ ಕಾಣಿಸಿತು. ರೈತ ಸುಮ್ಮನಿರುವ ಆಸಾಮಿಯಲ್ಲ. ಏಣಿ ಹತ್ತಿ ಆ ಜಾಗಕ್ಕೆ ಒಂದಿಷ್ಟು ಹೆಚ್ಚು ಮಣ್ಣು ಹಾಕಿ ಬಡಿದ. ಮುಂದಿನ ಮಳೆಗೆ ಕಲೆ ದೊಡ್ಡದಾಯಿತು. ಇನ್ನೂ ಹೆಚ್ಚು ಹಾಕಿದ. ಹಲಗೆ ಕೆಳಕ್ಕೆ ಜೋಲಿತು. ಮನೆ ಬೀಳುತ್ತದೆಂಬ ಭಯ ಹೊಕ್ಕಿತು. ಜೋಲಿದಲ್ಲಿ ಒಂದು ಕಂಬ ಕೊಟ್ಟ. ಪಕ್ಕದಲ್ಲಿ ಜೋಲಿತು, ಅಲ್ಲೂ ಒಂದು ಕೊಟ್ಟ. ಒದ್ದೆಯಾದಲ್ಲೆಲ್ಲ ಕಂಬ, ಕಿರುಗುಟ್ಟಿದಲ್ಲೆಲ್ಲ ಕಂಬ. ಯಾವುದರ ಕೆಳಗೂ ಅಡಿಗಲ್ಲಿಲ್ಲ, ಯಾವುದರ ತಲೆಯ ಮೇಲೂ ತೊಲೆಯಿಲ್ಲ. ಎಲ್ಲವೂ ಬರಿಯ ಹಲಗೆಯನ್ನು ಹೊತ್ತು ಮೆತ್ತನೆಯ ನೆಲದಲ್ಲಿ ಹೂತುಕೊಳ್ಳುತ್ತಿದ್ದವು.

ಇಲ್ಲಿ ಅಡಿವೆಯ್ಯ ಬಾಯಿ ಹಾಕಿದ. "ಬಡಿಗ್ಯಾನ್ನ ಯಾಕ ಕರೀಲಿಲ್ರೀ ಅಜ್ಜಾರ? ಒಂದು ಮಾತು ಕೇಳಿದ್ರ ಆಗ್ತಿತ್ತು."

"ನಿನ್ನಂಥಾವನ ಅವನೂ. ಕೇಳೂದಕ್ಕಿಂತ ಮದ್ಲ ಮಾಡ್ತಿದ್ದ."

ಅಡಿವೆಯ್ಯನಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಅವನು ನಾಚಿ ತಲೆ ತಗ್ಗಿಸಿದ. ಅಜ್ಜನವರು ನಗೆಯನ್ನು ನುಂಗಿಕೊಂಡು ಮುಂದುವರಿಸಿದರು.

ಮನೆಯೊಳಗೆ ನಡೆಯುವುದೇ ಒಂದು ವಿದ್ಯೆಯಾಯಿತು. ರೈತನ ಹೆಂಡತಿ ರೊಟ್ಟಿಯ ಬುಟ್ಟಿ ಹಿಡಿದು ಕಂಬಗಳ ನಡುವೆ ಅಡ್ಡಡ್ಡ ಸರಿದು ಬರುತ್ತಿದ್ದಳು. ಬೀಗರು ಉಣ್ಣಲು ಕುಳಿತರೆ ಅವರ ಮುಖ ಒಂದು ಕಡೆ, ತಾಟು ಇನ್ನೊಂದು ಕಡೆ, ನಡುವೆ ಕಂಬ. ರೈತನ ಅವ್ವನಿಗೆ ಕಣ್ಣು ಮಂಜು. ಅವಳು ಒಮ್ಮೆ ಒಂದು ಕಂಬವನ್ನು ಮಗನೆಂದು ತಿಳಿದು ಅದರ ಮುಂದೆ ಸೊಸೆಯ ಮೇಲೆ ಚಾಡಿ ಹೇಳಿದಳು. ಕಂಬದ ಆಚೆ ಸೊಸೆಯೇ ನಿಂತಿದ್ದಳು. ಆ ದಿನ ಮಧ್ಯಾಹ್ನದ ಸಾರಿಗೆ ಉಪ್ಪು ಬೀಳಲಿಲ್ಲ.

ಆ ವರ್ಷ ರೈತನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹೊಸ್ತಿಲು ದಾಟಿದವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಬಿಟ್ಟಳು.

"ಅಪ್ಪಾ, ಇದು ಮನಿನೋ ಗುಡಿನೋ? ಇಷ್ಟು ಕಂಬ ಅದಾವು, ದೇವರೆಲ್ಲಿ?"

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಆಮೇಲೆ ತಲೆಯೆತ್ತಿ ಜೋಲಿದ ಹಲಗೆಯನ್ನೂ, ಒದ್ದೆ ಕಲೆಗಳನ್ನೂ ನೋಡಿದಳು. ತೊಟ್ಟಿಲ ಕೊಂಡಿಗಳನ್ನು ಹುಡುಕಿದಳು. ಕೊಂಡಿಗಳು ಇದ್ದವು, ಆದರೆ ಅವುಗಳ ಮಗ್ಗುಲಿಗೇ ಒತ್ತಿ ಅಪ್ಪನ ಕಂಬಗಳು ನಿಂತಿದ್ದವು. ಅವಳ ನಗು ಆರಿತು.

"ನನ್ನ ಕೂಸಿನ ತೊಟ್ಟಿಲ ಎಲ್ಲಿ ಕಟ್ಟತೀರಿ?"

ಕಂಬ ತೆಗೆದರೆ ಮಾಳಿಗೆ ಬಿದ್ದೀತು. ಕಂಬ ಬಿಟ್ಟರೆ ತೊಟ್ಟಿಲು ತೂಗುವಂತಿಲ್ಲ. ಹೊರಗೆ ಮೋಡ ಕಟ್ಟುತ್ತಿದೆ, ಒಳಗೆ ಮಗಳು ದಿನ ತುಂಬಿಕೊಂಡು ಕುಳಿತಿದ್ದಾಳೆ. ತಾನು ತೂಗಿಸಿಕೊಂಡ ಜಾಗದಲ್ಲಿ ತನ್ನ ಮೊಮ್ಮಗು ಮಲಗುವುದಿಲ್ಲವೇ ಎಂಬ ಸಂಕಟ ಒಂದು ಕಡೆ. ಮಲಗಿದರೆ ಮೇಲಿನ ಮಣ್ಣೆಲ್ಲ ಅದರ ಮೇಲೆ ಬಿದ್ದರೆ ಎಂಬ ದಿಗಿಲು ಇನ್ನೊಂದು ಕಡೆ. ಅವನಿಗೆ ಊಟ ಸೇರಲಿಲ್ಲ.

ಕೊನೆಗೆ ಅವನು ತನಗೆ ತಿಳಿದಂತೆ ಒಂದು ತೀರ್ಮಾನ ಮಾಡಿದ. ಹಲಗೆಯ ಹಿಂದೆ ತೊಲೆ ಕೊಳೆತಿರಬೇಕು. ಗೆದ್ದಲು ತಿಂದಿರಬೇಕು. ಹಳೆಯ ತೊಲೆಯನ್ನು ತೆಗೆಸಿ ಹೊಸದು ಹಾಕಿಸಿಬಿಡೋಣ. ಹಾಗೆ ಹೇಳಿದಾಗ ಅವ್ವ ಒಂದೇ ಮಾತು ಕೇಳಿದಳು.

"ತೊಲಿ ಎಲ್ಲೈತಿ ಅಂತ ಗೊತ್ತೇನು ನಿನಗ?"

ಗೊತ್ತಿರಲಿಲ್ಲ. ಹುಟ್ಟಿದ ಮನೆ, ಆದರೂ ಅದರ ಬೆನ್ನುಮೂಳೆ ಯಾವ ಕಡೆ ಹಾದುಹೋಗಿದೆ ಎಂದು ಅವನು ಒಮ್ಮೆಯೂ ನೋಡಿರಲಿಲ್ಲ. ಅವ್ವ ಮಂಜುಗಣ್ಣಿನಲ್ಲೇ ಮೇಲೆ ಕೈ ತೋರಿಸಿ, ತೊಟ್ಟಿಲ ಕೊಂಡಿಗಳನ್ನು ಹಲಗೆಗೆ ಯಾರೂ ಹೊಡೆಯುವುದಿಲ್ಲ, ಅವು ಎಲ್ಲಿವೆಯೋ ಅಲ್ಲಿ ತೊಲೆ ಇರಲೇಬೇಕು ಎಂದಳು. ರೈತ ಒಂದು ಕೊಂಡಿಯಿಂದ ಇನ್ನೊಂದು ಕೊಂಡಿಗೆ ದಾರ ಹಿಡಿದು, ಆ ದಾರವನ್ನು ಗೋಡೆಯಿಂದ ಗೋಡೆಗೆ ಎಳೆದ. ಕೋಲಿನಿಂದ ದಾರದ ಗುಂಟ ಹಲಗೆಯನ್ನು ತಟ್ಟುತ್ತ ಹೋದ. ಬೇರೆ ಕಡೆ ಡೊಳ್ಳಿನಂತೆ ಪೊಳ್ಳು ಸದ್ದು ಬರುತ್ತಿತ್ತು. ದಾರದ ನೇರಕ್ಕೆ ಮಾತ್ರ ಗಟ್ಟಿ ಸದ್ದು ಬಂತು. ತೊಲೆ ಸಿಕ್ಕಿತು. ನೋಡಿದರೆ ಅವನು ಕೊಟ್ಟ ಅಷ್ಟು ಕಂಬಗಳಲ್ಲಿ ಒಂದೂ ಆ ದಾರದ ಕೆಳಗಿರಲಿಲ್ಲ. ಕೊಂಡಿಗಳ ಹತ್ತಿರ ನಿಂತಿದ್ದವು ಕೂಡ ತೊಲೆಯನ್ನು ಗೇಣಷ್ಟು ತಪ್ಪಿಸಿಕೊಂಡಿದ್ದವು.

ತೊಲೆಯ ಹಾದಿ ತಿಳಿಯಿತು, ಅದರ ಗತಿ ತಿಳಿಯಬೇಕಲ್ಲ. ರೈತ ಹಾರೆ ಸಲಿಕೆ ಹಿಡಿದು ಮಾಳಿಗೆ ಹತ್ತಿದ. ದಾರದ ಗುರಿ ನೋಡಿಕೊಂಡು, ತೊಲೆಯ ಮೇಲೆ ಬರುವ ಹಾಗೆ, ಒಂದು ಗುಂಡಿ ತೋಡತೊಡಗಿದ. ಅಂಗೈಯುದ್ದ ತೋಡಿದರೆ ಮರ ಸಿಗುತ್ತದೆಂದು ಅವನ ಎಣಿಕೆ. ಸಿಗಲಿಲ್ಲ. ಮೊಳಕೈ ಮುಳುಗುವಷ್ಟು ತೋಡಿದ. ಆಗಲೂ ಮಣ್ಣೇ. ಇನ್ನಷ್ಟು ತೋಡಿದರೂ ಮಣ್ಣೇ.

ಅವನು ತೋಡುವುದನ್ನು ನಿಲ್ಲಿಸಿ ಗುಂಡಿಯ ಬದಿಯನ್ನು ನೋಡಿದ. ಪದರ ಪದರವಾಗಿ ಮಣ್ಣು ಕುಳಿತಿತ್ತು. ನಡುವೆ ಒಂದು ಕಡೆ ಎಳೆಯಾಗಿ ಕೆಂಪು ಕಂಡಿತು. ಅದು ಅವನ ಹೆಂಡತಿ ಮದುವೆಯ ವರ್ಷ ತನ್ನ ತವರಿನ ಗುಡ್ಡದಿಂದ ತಂದ ಬುಟ್ಟಿ. ಆ ದಿನ ಅವಳು ಏಣಿ ಹತ್ತಲು ಹೆದರಿ, ಅವನು ಹಿಂದಿನಿಂದ ಬುಟ್ಟಿ ಹಿಡಿದುಕೊಂಡಿದ್ದ. ಅದರ ಕೆಳಗೆ ಸಣ್ಣ ಹರಳು ಬೆರೆತ ಮಣ್ಣು. ಅಪ್ಪ ಹಳ್ಳದ ದಂಡೆಯಿಂದ ತರುತ್ತಿದ್ದ ಮಣ್ಣು ಹಾಗೆಯೇ ಇರುತ್ತಿತ್ತು. ಅದಕ್ಕೂ ಕೆಳಗೆ ನುಣ್ಣನೆಯ ಬಿಳಿ ಹಿಟ್ಟಿನಂಥ ಮಣ್ಣು. ಅಜ್ಜ ಜರಡಿ ಹಿಡಿಯದೆ ಮಣ್ಣು ಹಾಕುತ್ತಿರಲಿಲ್ಲವಂತೆ. ರೈತ ಗುಂಡಿಯ ಬದಿಯಲ್ಲಿ ಕುಳಿತು ಅತ್ತ. ಯಾವ ದುಃಖಕ್ಕೆ ಅತ್ತನೆಂದು ಅವನಿಗೂ ಗೊತ್ತಾಗಲಿಲ್ಲ. ಅವರೆಲ್ಲರ ಮೇಲೆ ಅವನಿಗೆ ಬಹಳ ಪ್ರೀತಿಯಿತ್ತು, ಅಷ್ಟೇ.

ಆಮೇಲೆ ಉಳಿದದ್ದನ್ನು ಕೈಯಿಂದಲೇ ಬಗೆದ. ಕಟ್ಟಿಗೆಯ ಹಾಸು ಸಿಕ್ಕಿತು. ಅದನ್ನು ಸರಿಸಿ, ಜಂತೆಗಳ ನಡುವೆ ಕೈ ಇಳಿಬಿಟ್ಟ. ತೊಲೆ ಬೆರಳಿಗೆ ತಾಗಿತು. ಉಗುರಿನಿಂದ ಕೆರೆದ, ಪುಡಿ ಉದುರಲಿಲ್ಲ. ಹಾರೆಯ ತುದಿಯಿಂದ ಕುಟ್ಟಿದ, ಹಾರೆ ಹಿಂದಕ್ಕೆ ಪುಟಿಯಿತು. ಗೆದ್ದಲಿಲ್ಲ, ಕೊಳೆತಿಲ್ಲ. ಅಷ್ಟು ಮಣ್ಣಿನ ಕೆಳಗೆ ಬೇವಿನ ತೊಲೆ ಕಲ್ಲಿನಂತೆ ಗಟ್ಟಿಯಾಗಿತ್ತು. ಬಾಗಿತ್ತು, ಆದರೆ ಮುರಿದಿರಲಿಲ್ಲ.

ಅವನು ಎದ್ದು ನಿಂತು ಮಾಳಿಗೆಯ ಉದ್ದಗಲ ನೋಡಿದ. ನಡುವೆ ತಟ್ಟೆಯಂತೆ ತಗ್ಗು ಬಿದ್ದಿತ್ತು. ಮಳೆಯ ನೀರು ಅಂಚಿನಿಂದ ಹೊರಚೆಲ್ಲುವ ದೋಣಿಯ ಕಡೆಗೆ ಹರಿಯುವುದನ್ನು ಬಿಟ್ಟು ಇಲ್ಲೇ ಮಡುಗಟ್ಟುತ್ತಿತ್ತು. ಭಾರಕ್ಕೆ ತೊಲೆ ಬಾಗಿದೆ. ಬಾಗಿದ್ದಕ್ಕೆ ತಗ್ಗಾಗಿದೆ. ತಗ್ಗಿಗೆ ನೀರು ನಿಂತು ಸೋರಿದೆ. ಸೋರಿದ್ದಕ್ಕೆ ತಾನು ಮತ್ತೆ ಮಣ್ಣು ಹಾಕಿದ್ದೇನೆ. ಸೋರದಿರಲೆಂದು ಹಾಕಿದ್ದೇ ಸೋರುವಂತೆ ಮಾಡಿದೆ.

ಕೆಳಗಿಳಿದು ಅವನು ಮಣ್ಣು ತೆಗೆಯಬೇಕೆಂದ. ಆದರೆ ಹೇಳಿದವನಿಗೇ ಸಲಿಕೆ ಎತ್ತಲು ಕೈ ಬರುತ್ತಿಲ್ಲ. ಹೆಂಡತಿ ತನ್ನ ತವರಿನ ಮಣ್ಣು ನೆನೆದು ಸೆರಗಿನ ತುದಿ ತಿರುವುತ್ತಿದ್ದಾಳೆ. ಅವ್ವನ ಮುಖ ಬಿಗಿದಿತ್ತು.

"ನಿಮ್ಮಪ್ಪನ ಮಣ್ಣು ಅದು. ಅವ ಹೊತ್ತದ್ದನ್ನ ನೀ ಚೆಲ್ತಿ ಏನು?"

ರೈತ ಅವಳ ಕೈ ಹಿಡಿದ. "ಬಾ ಅವ್ವ, ಒಮ್ಮಿ ನೋಡಬಾ" ಎಂದ.

ಎಷ್ಟೋ ವರ್ಷದಿಂದ ಅವ್ವ ಮಾಳಿಗೆ ಹತ್ತಿರಲಿಲ್ಲ. ಮೊದಲ ಬುಟ್ಟಿಯನ್ನು ಕೆಳಗಿನಿಂದಲೇ ಮುಟ್ಟಿ ಕಳಿಸುತ್ತಿದ್ದಳು. ಆ ದಿನ ಮಗ ಮುಂದೆ, ಸೊಸೆ ಹಿಂದೆ, ಅವಳನ್ನು ಏಣಿ ಹತ್ತಿಸಿದರು. ಕೆಳಗೆ ನಿಂತ ಬಸುರಿ ಮೊಮ್ಮಗಳು ಏಣಿಯ ಕಾಲು ಹಿಡಿದುಕೊಂಡಳು. ಅವ್ವ ಗುಂಡಿಯ ಹತ್ತಿರ ಬೋರಲು ಮಲಗಿ ಕೈ ಒಳಗೆ ಬಿಟ್ಟಳು. ಕಣ್ಣು ಮಂಜಾದವರಿಗೆ ಬೆರಳೇ ಕಣ್ಣು. ಮೇಲಿನ ಪದರ ಮುಟ್ಟಿದಳು. ಕೆಂಪು ಮಣ್ಣು ಮುಟ್ಟಿ ಸೊಸೆಯ ಕಡೆ ತಿರುಗಿ ನಕ್ಕಳು. ಹರಳು ಮಣ್ಣು ಬಂದಾಗ ಬೆರಳು ಅಲ್ಲೇ ನಿಂತವು. ಅಲ್ಲಿಂದ ಅವು ಕೆಳಗಿಳಿಯಲು ಬಹಳ ಹೊತ್ತಾಯಿತು. ಕೊನೆಗೆ ಅಂಗೈ ತೊಲೆಯನ್ನು ಮುಟ್ಟಿತು. ಜ್ವರ ಬಂದ ಮಗುವಿನ ಬೆನ್ನು ಸವರುವಂತೆ ಅವಳು ಅದನ್ನು ಸವರಿದಳು.

"ಇದಕ್ಕ ಬ್ಯಾನಿ ಇಲ್ಲೋ ಮಗನ," ಎಂದಳು. "ಇದು ದಣದೈತಿ."

ಎದ್ದು ಕುಳಿತು, ಸೀರೆಗೆ ಹತ್ತಿದ ಮಣ್ಣನ್ನು ಕೊಡವಿಕೊಳ್ಳದೆ ಕೈಚಾಚಿದಳು.

"ಬುಟ್ಟಿ ತಾ. ಏರಿಸೂದ್ರಾಗ ಮದ್ಲ ಬುಟ್ಟಿ ನಂದ ಇತ್ತು. ಇಳಸೂದ್ರಾಗೂ ನಂದ."

ಅವಳು ತುಂಬಿದ್ದು ಹಿಡಿಯಷ್ಟೇ ಮಣ್ಣು. ಆದರೆ ಅದು ಇಳಿದ ಮೇಲೆ ಉಳಿದದ್ದು ಇಳಿಯಲು ಅಡ್ಡಿಯಾಗಲಿಲ್ಲ. ತಾವು ಹಾಕಿದ್ದನ್ನು ತಾವೇ ಇಳಿಸಿದರು. ರೈತನ ಹೆಂಡತಿ ಕೆಂಪು ಮಣ್ಣನ್ನು ಬೇರೆ ಬುಟ್ಟಿಗೆ ತುಂಬಿದಳು. ಸುದ್ದಿ ಕೇಳಿ ನೆಂಟರೂ ಬಂದು, ತಾವು ಒಂದು ಕಾಲಕ್ಕೆ ಹಾಕಿಹೋದ ಬುಟ್ಟಿಯನ್ನು ನೆನೆಸಿಕೊಂಡು ಒಂದೊಂದು ಹೊತ್ತರು. ಒಂದೇ ಕಡೆಯಿಂದ ತೆಗೆದರೆ ತೊಲೆ ಹೊರಳೀತೆಂದು ಎರಡೂ ಕಡೆಯಿಂದ ಸಮನಾಗಿ ತೆಗೆದರು. ಮಳೆ ತಡೆಯುವುದಕ್ಕೆ ಬೇಕಾದಷ್ಟು ಮಣ್ಣು ಉಳಿಸಿ, ನೀರು ದೋಣಿಯ ಕಡೆ ಓಡುವಂತೆ ಇಳಿಜಾರು ಮಾಡಿದರು. ತೆಗೆದ ಮಣ್ಣನ್ನು ಯಾರೂ ಚೆಲ್ಲಲಿಲ್ಲ. ಮುಂಬಾಗಿಲ ಪಕ್ಕದಲ್ಲಿ ಕಲ್ಲು ಕಟ್ಟಿ, ಒಳಗೆ ಅದನ್ನು ತುಂಬಿ, ಮೇಲೆ ಸಾರಿಸಿ ಕಟ್ಟೆ ಮಾಡಿದರು. ಅವ್ವ ಅಂದಿನಿಂದ ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತು, ಗಂಡನ ಜೊತೆ ಕುಳಿತಿದ್ದೇನೆ ಎನ್ನುತ್ತಿದ್ದಳು. ಸೊಸೆಯ ಮೇಲಿನ ಚಾಡಿಯನ್ನು ಈಗ ಅವನಿಗೇ ಹೇಳುತ್ತಿದ್ದಳು.

ಭಾರ ಇಳಿದ ಮೇಲೆ ಬಡಿಗನನ್ನು ಕರೆಸಿದರು. ಹಲಗೆ ಬಿಚ್ಚಿಸಿದರು. ಎಲ್ಲ ಜಂತೆಗಳನ್ನು ತಟ್ಟಿ ನೋಡಿದಾಗ ಒಂದೆರಡು ನಿಜಕ್ಕೂ ಸೀಳಿದ್ದವು. ಅವನ್ನು ಕಿತ್ತು ಹಾಕಲಿಲ್ಲ. ಪ್ರತಿಯೊಂದರ ಮಗ್ಗುಲಿಗೂ ಒಂದು ಹೊಸ ಜಂತೆಯನ್ನು ಹೆಗಲಿಗೆ ಹೆಗಲು ಕೂಡಿಸಿ ಬಿಗಿದರು. ತೊಲೆಯ ಕೆಳಗೆ ಬೆಣೆ ಕೊಟ್ಟು, ದಿನಾ ಬೆಳಿಗ್ಗೆ ಕೂದಲೆಳೆಯಷ್ಟು ಎತ್ತುತ್ತ ಬಂದರು. ಅವಸರ ಮಾಡಿದರೆ ಬಾಗಿದ ಮರ ಸೀಳುತ್ತದೆ. ತೊಲೆ ಎದ್ದಿತು, ಆದರೆ ಪೂರಾ ನೆಟ್ಟಗಾಗಲಿಲ್ಲ. ಹಿರಿಯರ ಬೆನ್ನಿನಂತೆ ಒಂದಿಷ್ಟು ಬಾಗು ಉಳಿಯಿತು. ಇರಲಿ ಬಿಡು ಎಂದರು. ಹಳೆಯ ಕಂಬಗಳನ್ನೆಲ್ಲ ತೆಗೆದು, ತೊಲೆಯ ನಡುವಿಗೆ ಸರಿಯಾಗಿ ಒಂದೇ ಕಂಬ ನಿಲ್ಲಿಸಿದರು. ಅದರ ಕೆಳಗೆ ನೆಲ ಅಗೆದು ಅಡಿಗಲ್ಲು ಕೂರಿಸಿದರು. ಕೊಂಡಿಗಳು ಆ ಕಂಬಕ್ಕೆ ಒಂದು ಮಗ್ಗುಲಾಗಿ ಬಂದವು.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ಹಾಕುವ ದಿನ ಕೊಂಡಿಗೆ ಹಗ್ಗ ಬಿಗಿದು, ಕೂಸನ್ನು ಮಲಗಿಸುವ ಮೊದಲು ರೈತ ತಾನೇ ತೊಟ್ಟಿಲ ಹಗ್ಗಕ್ಕೆ ಜೋತುಬಿದ್ದು ನೋಡಿದ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ತೊಲೆ ಕಿರುಗುಟ್ಟಲಿಲ್ಲ. ಮಗಳು ಆ ಒಂದೇ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು ತೊಟ್ಟಿಲು ತೂಗಿದಳು.

ಮೊದಲ ದೊಡ್ಡ ಮಳೆ ಬಂತು. ಮಾಳಿಗೆಯ ದೋಣಿಯಿಂದ ನೀರು ಧೋ ಎಂದು ಹೊರಗೆ ಬಿತ್ತು. ನಡುಮನೆ ಒಣಗಿಯೇ ಇತ್ತು. ಮೂಲೆಯಲ್ಲಿ ಮಾತ್ರ ಒಂದು ಹನಿ ಟಪ್ಪೆಂದಿತು. ರೈತನ ಕೈ ತಾನಾಗಿಯೇ ಬುಟ್ಟಿಗೆ ಹೋಯಿತು. ಅವ್ವ ಮಂಜುಗಣ್ಣನ್ನು ಅವನ ಕಡೆ ತಿರುಗಿಸಿದಳು. ರೈತ ಬುಟ್ಟಿಯನ್ನು ಕೆಳಗಿಟ್ಟು, ಒಂದು ಚೊಂಬು ತಂದು ಹನಿಯ ಕೆಳಗಿಟ್ಟ.

ಅಜ್ಜನವರು ಕತೆ ನಿಲ್ಲಿಸಿದರು. ಮಾತಾಡಿ ಅವರು ದಣಿದಿರಲಿಲ್ಲ. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು. ಕತೆಯ ಭರದಲ್ಲಿ ಕೈಯಾಡಿಸಿದ್ದರಿಂದ ಮೇಲಿನ ಕೌದಿ ಎದೆಯಿಂದ ಜಾರಿ ಮೊಣಕಾಲಿಗೆ ಬಂದಿತ್ತು.

ಅಡಿವೆಯ್ಯ ಕಣ್ಣೊರೆಸಿಕೊಂಡ. ಅವನಿಗೆ ಆ ಅವ್ವನ ಕೈಯೂ, ತೊಟ್ಟಿಲ ಪಕ್ಕದ ಕಂಬವೂ ಕಣ್ಣಿಗೆ ಕಟ್ಟಿದ್ದವು.

"ತಿಳೀತ್ರೀ ಅಜ್ಜಾರ," ಎಂದ. "ಇಷ್ಟು ದಿನ ನಾ ಎಲ್ಲೆಲ್ಲೋ ನಿಂತಿದ್ದೆ. ಇನ್ನ ಮ್ಯಾಲ ನಿಮ್ಮ ಮಗ್ಗಲದಾಗ ನಿಲ್ತೀನಿ. ಹಗಲೂ ಬಿಡೂದಿಲ್ಲ, ರಾತ್ರಿನೂ ಬಿಡೂದಿಲ್ಲ. ನಿಮಗ ನಾನ ಕಂಬ."

ಹಾಗೆನ್ನುತ್ತ ಅವನು ಎದ್ದು, ಜಾರಿದ ಕೌದಿಯನ್ನು ಎರಡೂ ಕೈಯಿಂದ ಎಳೆದು ಅಜ್ಜನವರ ಗದ್ದದವರೆಗೆ ಹೊದಿಸಿ, ಅಂಚುಗಳನ್ನು ಮಗ್ಗುಲಿಗೆ ಒತ್ತಿದ. ಅದರ ಕೆಳಗೆ ಮತ್ತೊಂದು ಕೌದಿ ಇತ್ತು. ಅದರ ಕೆಳಗೆ ಇನ್ನೊಂದು. ಊರಿನ ಅರ್ಧ ಮನೆಗಳ ಹಳೆಯ ಸೀರೆಗಳೆಲ್ಲ ಅಲ್ಲಿದ್ದವು.

ಅಜ್ಜನವರು ಕೌದಿಯ ಅಂಚಿನಿಂದ ಕೈ ಹೊರಗೆ ತೆಗೆದು ಅಡಿವೆಯ್ಯನ ಕೈ ಹಿಡಿದುಕೊಂಡರು. ಆ ಹಿಡಿತದಲ್ಲಿ ಇನ್ನೂ ಬಲವಿತ್ತು. ಮುಂದೆ ಅವರು ಹೇಳಿದ್ದು ಒಂದೇ ಮಾತು.

"ತೊಲಿ ಗಟ್ಟಿ ಐತಿ ಮಗನ, ಮದ್ಲ ಈ ಕೌದಿ ಇಳಸು."